ಮಿದುಳಿನಲ್ಲಿ ನೆರಿಗೆ ಬೀಳುವ ಹೊತ್ತು

ಇಳಕಲ್ಲಿನ ಹೆರಿಗೆ ವೈದ್ಯೆ ಫೋನಿನಲ್ಲಿ ಪೀಠಿಕೆ ಹಾಕುವವರಲ್ಲ. ಆ ಸೋಮವಾರ ನಾನು ನವನಗರದ ನಮ್ಮ ಸ್ಕ್ಯಾನ್ ಕೇಂದ್ರದ ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಡುತ್ತಿದ್ದೆ, ಅಷ್ಟರಲ್ಲಿ ಅವರ ಮಾತು ಅರ್ಧ ಮುಗಿದಿತ್ತು.

“ಒಬ್ಬಾಕಿನ್ನ ಕಳಿಸೇನಿ, ಬಸ್ಸಿನ್ಯಾಗ ಅದಾರ. ಇಪ್ಪತ್ತೇಳು ವಾರದ ಬಸರಿ. ಕೂಸಿನ ತಲಿ ಸಣ್ಣದೈತಿ, ಮಿದುಳಿನೊಳಗಿನ ನೀರಿನ ಕ್ವಾಣಿ ಅಗಲ ಆಗೈತಿ, ಮ್ಯಾಲ ನೆರಿಗಿನ ಕಾಣವಲ್ದು. ನೀವು ಎಂ.ಆರ್.ಐ. ಮಾಡಿ ಇವತ್ತ ಹೇಳ್ರಿ.”

“ಇವತ್ತ ಅಂದ್ರ ಇವತ್ತ?”

“ಮೂರನೇ ಬಸರು. ಹಿಂದಿನ್ವು ಎರಡೂ ನಿಲ್ಲಲಿಲ್ಲ. ಇದನ್ನ ಮುಂದುವರಸೂದೋ ತಗಸೂದೋ ಅಂತ ಮನ್ಯಾವ್ರು ಕೇಳಾಕತ್ತಾರ. ಇಪ್ಪತ್ನಾಲ್ಕು ವಾರ ದಾಟಿದ ಮ್ಯಾಲ ವೈದ್ಯಕೀಯ ಮಂಡಳಿ ಮುಂದ ಹೋಗಬೇಕು. ಮಂಡಳಿ ನೋಡೂದು ನಿಮ್ಮ ವರದಿ.”

ಗರ್ಭದಲ್ಲಿ ಮಿದುಳು ಮೊದಲು ನುಣ್ಣಗಿರುತ್ತದೆ, ಸಿಪ್ಪೆ ಸುಲಿದ ಶೇಂಗಾಬೀಜದ ಹಾಗೆ. ವಾರಗಳು ಕಳೆದಂತೆ ಅದರ ಮೇಲೆ ನೆರಿಗೆ ಬೀಳುತ್ತವೆ. ಯಾವ ನೆರಿಗೆ ಮೊದಲು, ಯಾವುದು ಆಮೇಲೆ ಎಂಬ ಸರದಿ ಎಲ್ಲ ಕೂಸುಗಳಲ್ಲೂ ಒಂದೇ. ಇಪ್ಪತ್ತೇಳು ವಾರಕ್ಕೆ ಮಿದುಳಿನ ನಡುಪಟ್ಟಿಯಲ್ಲಿ ಒಂದು ಸೀಳು ಕಾಣಬೇಕು, ಪಕ್ಕದ ದೊಡ್ಡ ಕಣಿವೆ ಮೂಲೆ ಮಡಚಿಕೊಂಡಿರಬೇಕು. ಕೆಲವೇ ಕೆಲವು ಕೂಸುಗಳಲ್ಲಿ ಈ ನೆರಿಗೆ ಬೀಳುವುದೇ ಇಲ್ಲ. ಹುಟ್ಟಿದರೂ ಕತ್ತು ನಿಲ್ಲುವುದಿಲ್ಲ, ಫಿಟ್ಸ್ ಬಿಡುವುದಿಲ್ಲ, ಹಾಲು ನುಂಗುವುದೇ ಒಂದು ಯುದ್ಧ. ಸಾಮಾನ್ಯ ಸ್ಕ್ಯಾನಿನಲ್ಲಿ ಕೂಸಿನ ತಲೆಬುರುಡೆಯ ಎಲುಬು ಅಡ್ಡ ಬರುತ್ತದೆ, ಎಂ.ಆರ್.ಐ.ಗೆ ಎಲುಬಿನ ತಡೆ ಇಲ್ಲ. ಅದಕ್ಕೇ ಕಡೆಯ ಮಾತು ನಮ್ಮ ಮೇಲೆ ಬೀಳುತ್ತದೆ.

ಮೂವರು ಬಂದರು. ಇಪ್ಪತ್ಮೂರರ ಆಸುಪಾಸಿನ ಬಸುರಿ, ಅವಳ ಅತ್ತೆ, ಗಂಡ. ಹುನಗುಂದದ ಕಡೆಯ ಹಳ್ಳಿಯವರು. ಗಂಡ ಇಳಕಲ್ಲಿನಲ್ಲಿ ಗ್ರಾನೈಟ್ ಪಾಲಿಶ್ ಮಾಡುವವನು. ತೊಳೆದ ಅಂಗಿಯ ಹೊಲಿಗೆಯಲ್ಲೂ ಕಲ್ಲಿನ ಪುಡಿ ಕೂತಿತ್ತು. ಬಸುರಿ ಮಾತಾಡಲಿಲ್ಲ. ಅತ್ತೆ ಮಾತಿಗೆ ಕಾಯಲಿಲ್ಲ. ಭ್ರೂಣದ ಲಿಂಗ ಹೇಳುವುದು ಅಪರಾಧ ಎಂಬ ಗೋಡೆಯ ಫಲಕವನ್ನು ನೋಡಿ ಅಂದಳು:

“ಗಂಡೋ ಹೆಣ್ಣೋ ಕೇಳಂಗಿಲ್ಲ ಬಿಡ್ರಿ ಬಾಯಾರ, ಕಾಯ್ದೆ ನಮಗೂ ಗೊತ್ತೈತಿ. ತಲ್ಯಾಗ ಮಿದುಳು ಐತೋ ಇಲ್ಲೋ ಅಷ್ಟ ಹೇಳ್ರಿ. ಇವನಪ್ಪಗ ಇರಲಿಲ್ಲ, ಅವನ್ನೂ ನಡಸೇನಿ ನಾ.”

“ಅವ್ವಾ, ಸುಮ್ನ ಕುಂದ್ರ,” ಅಂದ ಮಗ. ಬಸುರಿಯ ತುಟಿ ಒಂದು ಕ್ಷಣ ಅಲುಗಿತು. ಆ ಮುದುಕಿಯ ಉದ್ದೇಶವೂ ಅದೇ ಇತ್ತೆಂದು ಕಾಣುತ್ತದೆ.

ಯಂತ್ರವೆಂದರೆ ಒಂದು ದೊಡ್ಡ ಅಯಸ್ಕಾಂತ. ಒಳಹೋಗುವ ಮುನ್ನ ಮೈಮೇಲಿನ ಲೋಹವೆಲ್ಲ ಕಳಚಬೇಕು. ತಾಳಿ, ಮೂಗುಬೊಟ್ಟು, ಕಾಲುಂಗುರ, ಸೀರೆಯ ಪಿನ್ನು ಎಲ್ಲ ತಟ್ಟೆಗೆ ಬಂದವು. ಕೊರಳಿನ ಬೆಳ್ಳಿಯ ಕರಡಿಗೆಗೆ ಕೈ ಹೋದಾಗ ಬಸುರಿ ನಿಂತಳು. ಅದರೊಳಗೆ ಅವಳ ಇಷ್ಟಲಿಂಗ.

“ಲಿಂಗ ಮೈಮ್ಯಾಲಿಂದ ಇಳಸಂಗಿಲ್ರಿ,” ಅಂದಳು ಅತ್ತೆ. ಈಗ ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ.

ನಮ್ಮ ತಂತ್ರಜ್ಞ ನನ್ನತ್ತ ನೋಡಿದ. “ಮೇಡಂ, ಬೆಳ್ಳಿ ಅಂತಾರ, ಬಿರಡಿ ಯಾತರದೋ ಯಾರಿಗೊತ್ತು. ಒಳಗ ಎಳದ್ರ?”

ಕಡ್ಡಾಯ ಮಾಡಿದ್ದರೆ ಅವಳು ತೆಗೆದಿಡುತ್ತಿದ್ದಳು. ಆದರೆ ನಡುಗುತ್ತ ಮಲಗುತ್ತಿದ್ದಳು, ಮತ್ತು ನಡುಗುವ ಹೊಟ್ಟೆಯೊಳಗಿನ ಕೂಸಿನ ಚಿತ್ರ ಯಾರಿಗೂ ಬರುವುದಿಲ್ಲ. ಕರಡಿಗೆಯನ್ನು ಮಾತ್ರ ಹೊರಗಿಡಿ, ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ರಟ್ಟೆಗೆ ಕಟ್ಟಿ ಅಂದೆ. ಕಟ್ಟುವ ಮುನ್ನ ನಮ್ಮಲ್ಲಿರುವ ಕೈ ಅಯಸ್ಕಾಂತವನ್ನು ಅದರ ಹತ್ತಿರ ಹಿಡಿದು ಎಲ್ಲ ಬದಿಯಿಂದ ನೋಡಿದೆವು. ಅತ್ತೆಯ ಅನುಮತಿ ಕೇಳಿಯೇ. ಎಳೆಯಲಿಲ್ಲ. ರಟ್ಟೆ ತಲೆಯ ಪಕ್ಕ ಬರುವುದರಿಂದ ಹೊಟ್ಟೆಯ ಚಿತ್ರಕ್ಕೂ ಬಾಧೆಯಿಲ್ಲ.

ಅಷ್ಟಾದರೂ ಮೊದಲ ಸುತ್ತು ಕೆಟ್ಟಿತು. ತಲೆ ಮುಂದಾಗಿ ಸುರಂಗದೊಳಗೆ ಹೋದವಳು ಯಂತ್ರ ಬಡಿಯತೊಡಗಿದ ಕೂಡಲೇ ಕೈಯಲ್ಲಿದ್ದ ರಬ್ಬರ್ ಚೆಂಡನ್ನು ಹಿಚುಕಿದಳು. ಅದು ಕರೆಗಂಟೆ. ಹೊರಗೆಳೆದೆವು. ಬಿಕ್ಕುತ್ತಿದ್ದಳು. ಗರ್ಭಿಣಿಗೆ ನಿದ್ದೆಯ ಔಷಧಿ ಕೊಡುವುದಿಲ್ಲ, ಬಣ್ಣದ ಇಂಜೆಕ್ಷನ್ನೂ ಹಾಕುವುದಿಲ್ಲ. ನಮ್ಮ ಕೈಯಲ್ಲಿ ಉಪಾಯ ಬಿಟ್ಟರೆ ಬೇರೇನಿಲ್ಲ. ದಿಕ್ಕು ತಿರುಗಿಸಿದೆವು. ಕಾಲು ಮುಂದಾಗಿ, ಎಡಮಗ್ಗುಲಿಗೆ, ಬೆನ್ನ ಹಿಂದೆ ದಿಂಬು ಕೊಟ್ಟು. ಈಗ ಅವಳ ಮುಖ ಸುರಂಗದ ಬಾಯಿಯಲ್ಲೇ ಉಳಿಯಿತು. ನಾನು ಕಿವಿಗೆ ಮುಚ್ಚಳ ಹಾಕಿಕೊಂಡು ಅವಳ ತಲೆಯ ಬಳಿ ನಿಂತೆ. ಗದ್ದಲದಲ್ಲಿ ಮಾತು ಕೇಳಿಸದು. ಹಣೆಯ ಮೇಲೆ ಕೈಯಿಟ್ಟೆ, ಅಷ್ಟೆ.

ತಾಯಿ ಸುಮ್ಮನಾದಳು, ಕೂಸು ಸುಮ್ಮನಾಗಲಿಲ್ಲ. ಕೂಸಿನ ತಲೆಯನ್ನು ಮೇಲಿಂದ, ಮುಂದಿಂದ, ಪಕ್ಕದಿಂದ ಮೂರು ಬಗೆಯಲ್ಲಿ ಹೋಳು ಮಾಡಿ ನೋಡಬೇಕು. ಒಂದೊಂದು ಹೋಳು ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಬರುತ್ತದೆ, ಆದರೆ ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ತಲೆ ತಿರುಗಿರುತ್ತದೆ. ಆಗ ಈಗಷ್ಟೇ ಬಂದ ಚಿತ್ರವನ್ನೇ ದಾರಿ ಮಾಡಿಕೊಂಡು ಹೊಸದಾಗಿ ಗೆರೆ ಎಳೆಯಬೇಕು. ಪಾರಿವಾಳ ಹಿಡಿಯುವವರ ಕೆಲಸ ಅದು. ತಂತ್ರಜ್ಞ ಗಾಜಿನ ಆಚೆಯಿಂದ ಒಮ್ಮೆ ಹೆಬ್ಬೆರಳೆತ್ತುತ್ತಿದ್ದ, ಮತ್ತೊಮ್ಮೆ ತಲೆಯಲ್ಲಾಡಿಸುತ್ತಿದ್ದ. ಕಡೆಗೆ ಮೂರೂ ಬಗೆ ಸಿಕ್ಕವು.

ಪರದೆಯ ಮುಂದೆ ಕೂತೆ. ನೀರಿನ ಕೋಣೆ ಹನ್ನೊಂದು ಮಿಲಿಮೀಟರ್, ಹತ್ತರೊಳಗಿರಬೇಕಿತ್ತು. ಎಡ ಬಲ ಮಿದುಳನ್ನು ಜೋಡಿಸುವ ಸೇತುವೆ ಪೂರ್ತಿ ಇತ್ತು, ಅದೊಂದು ಸಮಾಧಾನ. ಮಿದುಳಿನ ಮೇಲ್ಮೈ ಮಾತ್ರ ನುಣ್ಣಗಿತ್ತು. ಪಕ್ಕದ ಕಣಿವೆ ಬಾಯಿ ತೆರೆದ ಬೋಗುಣಿಯಂತಿತ್ತು. ನಡುಪಟ್ಟಿಯ ಸೀಳು ಇಲ್ಲವೇ ಇಲ್ಲ. ಸಣ್ಣ ತಲೆ, ಅಗಲವಾದ ಕೋಣೆ, ನೆರಿಗೆಯಿಲ್ಲದ ಮಿದುಳು. ಪುಸ್ತಕದಲ್ಲಿ ಈ ಮೂರೂ ಒಟ್ಟಿಗೆ ಬಂದರೆ ಏನೆಂದು ಬರೆಯಬೇಕೋ ಅದನ್ನು ಬರೆದೆ. ಒಂದೇ ಸಾಲು.

ಕೆರೂರಿನ ನಮ್ಮ ಅಜ್ಜ ಸಂತೆಯಲ್ಲಿ ಎತ್ತು ಕೊಳ್ಳುವವನು. ಹಲ್ಲು ಎಣಿಸಿದ ಮೇಲೂ ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದ. “ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು” ಅನ್ನುವುದು ಅವನ ಬಾಯಲ್ಲಿ ಗಾದೆಯಾಗಿರಲಿಲ್ಲ, ಕೆಲಸದ ಪದ್ಧತಿಯಾಗಿತ್ತು. ಕೈ ಸಹಿಯ ಮೇಲೆ ನಿಂತಾಗ ನಾನೂ ಈ ಕೂಸನ್ನು ನಾಲ್ಕು ಹೆಜ್ಜೆ ನಡೆಸಿ ನೋಡೋಣ ಅಂದುಕೊಂಡೆ.

ಹಿಂದಲೆಯ ತಳದಲ್ಲಿ ಕಿರುಮಿದುಳು ಇರುತ್ತದೆ. ಬೇರೆಲ್ಲ ಕುಗ್ಗಿದರೂ ಅದು ಬೇಗ ಕುಗ್ಗುವುದಿಲ್ಲ, ಹಾಗಾಗಿ ಅದರ ಅಗಲ ಕೂಸಿನ ವಯಸ್ಸನ್ನು ಹೇಳುವ ನಂಬಿಗಸ್ತ ಸಾಕ್ಷಿ. ಅಳೆದೆ. ಇಪ್ಪತ್ಮೂರು ವಾರದ ಅಳತೆ ಬಂತು. ತಲೆಯ ಸುತ್ತಳತೆ ಇಪ್ಪತ್ಮೂರು. ಹೆರಿಗೆ ವೈದ್ಯೆ ಕಳಿಸಿದ್ದ ಕಾಗದದಲ್ಲಿ ತೊಡೆಯ ಎಲುಬು, ಹೊಟ್ಟೆ, ಅವೂ ಇಪ್ಪತ್ಮೂರರ ಅಕ್ಕಪಕ್ಕವೇ. ಕಾಯಿಲೆಯ ಕೂಸು ಹೀಗೆ ಅಚ್ಚುಕಟ್ಟಾಗಿ ಹಿಂದೆ ಬೀಳುತ್ತದೆಯೇ? ಬೀಳಲೂಬಹುದು. ಆದರೆ ಇಪ್ಪತ್ಮೂರು ವಾರದ ಮಿದುಳು ನುಣ್ಣಗೇ ಇರಬೇಕು. ಅದು ಆರೋಗ್ಯ.

ಬರೆದ ಸಾಲನ್ನು ಅಳಿಸಿದೆ. ಈಗ ಪ್ರಶ್ನೆ ಒಂದೇ ಉಳಿಯಿತು: ಇಪ್ಪತ್ತೇಳು ಎಂದು ಹೇಳಿದವರು ಯಾರು?

ಮೂರು ತಿಂಗಳೊಳಗೆ ಒಂದು ಸ್ಕ್ಯಾನ್ ಆಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕೂಸಿನ ವಯಸ್ಸು ಆಗ ನಿಖರ ಸಿಗುತ್ತದೆ. ಆಗಿರಲಿಲ್ಲ. ತಾಯಿ ಕಾರ್ಡಿನಲ್ಲಿದ್ದ ಕಡೆಯ ಮುಟ್ಟಿನ ತಾರೀಖಿನಿಂದಲೇ ವಾರ ಎಣಿಸಿದ್ದರು. ಯಾಕೆ ಮಾಡಿಸಲಿಲ್ಲ ಎಂದು ಕೇಳಿದ್ದಕ್ಕೆ ಅತ್ತೆ ನೆಲ ನೋಡಿದಳು. “ಮೊದಲಿನ ಎರಡೂ ಸಲ ಲಗೂನ ಸ್ಕ್ಯಾನ ಮಾಡಿಸಿದ್ವಿ. ಎರಡೂ ಸಲ ಮುಂದ ಎಂಟು ದಿನದಾಗ ಹೋತು. ಅದಕ್ಕ ಈ ಸಲ ಹೊಟ್ಟಿ ಕಾಣೂತನಕ ಯಾರ ಮುಂದೂ ಉಸರಲಿಲ್ಲ. ತಪ್ಪಾತೇನ್ರಿ?”

ಸ್ಕ್ಯಾನಿನಿಂದ ಗರ್ಭ ಹೋಗುವುದಿಲ್ಲ ಎಂದು ಹೇಳಿದೆ. ನಂಬಿದಳೋ ಇಲ್ಲವೋ. ಚಹಾ ತರಿಸಿದ್ದೆ, ಲೋಟ ಮುಟ್ಟಲಿಲ್ಲ.

“ಇವತ್ತ ಸೋಮವಾರ್ರಿ. ಪೂಜಿ ಆಗಿಲ್ಲ. ಪೂಜಿ ಆಗೂತನಕ ನೀರೂ ಬಾಯಿಗಿ ಹಾಕಂಗಿಲ್ಲ.”

“ಎಲ್ಲಾ ಸೋಮವಾರ ಹಿಂಗನೋ?”

“ಎಲ್ಲಾನೂ. ಶ್ರಾವಣದಾಗಂತೂ ಕೇಳಬ್ಯಾಡ್ರಿ. ಇಕಿ ಕಡೀ ಸಲ ಹೊರಗಾಗಿದ್ದು ನನಗ ಹೆಂಗ ನೆನಪೈತಿ ಅಂತೀರಿ? ಶ್ರಾವಣದ ಮೊದಲನೇ ಸೋಮವಾರ. ಅವತ್ತ ಹೊಟ್ಟಿನೋವು ಅಂತ ಮಕ್ಕೊಂಡ್ಲು, ಅಡಿಗಿ ನಾನ ಮಾಡಿದ್ನಿ. ಕಾರ್ಡ ಬರಿಯೋ ಹೊತ್ತಿಗೆ ಅದನ್ನ ಹೇಳೇನಿ.”

ಆ ವರ್ಷ ಅಧಿಕ ಮಾಸ ಬಂದಿತ್ತು, ಅದೂ ಶ್ರಾವಣದಲ್ಲೇ. ಮೊದಲು ಅಧಿಕ ಶ್ರಾವಣ, ಅದು ಮುಗಿದ ಮೇಲೆ ನಿಜ ಶ್ರಾವಣ. ನಮ್ಮ ಕಡೆ ವ್ರತ ನೇಮ ಹಬ್ಬವೆಲ್ಲ ನಿಜದಲ್ಲಿ. ಅಧಿಕವನ್ನು ಮನೆಯ ಹಿರಿಯರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಕಾರ್ಡು ಬರೆದವರು ಗೋಡೆಯ ಕ್ಯಾಲೆಂಡರು ತಿರುವಿ, ಶ್ರಾವಣ ಎಂದು ಮೊದಲು ಕಂಡಲ್ಲಿ ಬೆರಳಿಟ್ಟಿದ್ದರೆ? ಫೋನಿನಲ್ಲಿ ಪಂಚಾಂಗ ತೆರೆದೆ. ಕಾರ್ಡಿನ ತಾರೀಖು ಅಧಿಕ ಶ್ರಾವಣದ ಮೊದಲ ಸೋಮವಾರಕ್ಕೆ ಸರಿಯಾಗಿ ಕೂತಿತ್ತು.

“ಅಧಿಕದ ಸೋಮವಾರೇನು ಆಯಿ, ನಿಜದ್ದೇನು?”

ಅವಳು ನನ್ನನ್ನು ನೋಡಿದ ರೀತಿಗೆ ನಾನು ಓದಿದ್ದೆಲ್ಲ ಮರೆತೆ. “ಅಧಿಕದ ಸೋಮವಾರ ಯಾರರ ಹಿಡೀತಾರೇನ ಯವ್ವಾ? ಯಾ ಊರಾಕಿ ನೀ?”

ಒಬ್ಬರ ನೆನಪು ಸಾಲದು. ಬಸುರಿಯನ್ನು ಬೇರೆ ಕೋಣೆಗೆ ಕರೆದೆ. ಅತ್ತೆ ಹೇಳಿದ್ದನ್ನು ಹೇಳಲಿಲ್ಲ, ಸೋಮವಾರದ ಸುದ್ದಿ ಎತ್ತಲಿಲ್ಲ. ಕಡೆಯ ಸಲ ಮುಟ್ಟಾದಾಗ ಏನು ನಡೆದಿತ್ತು, ನೆನಪಿದೆಯೇ ತಂಗಿ ಎಂದು ಮಾತ್ರ ಕೇಳಿದೆ.

“ಪಂಚಮಿ ದಿನರಿ,” ಅಂದಳು. “ಹಾಲ ಹಾಕಾಕ ಹೋಗಲಿಲ್ಲ ನಾ. ಓಣ್ಯಾಗ ಜೋಕಾಲಿ ಕಟ್ಟಿದ್ರು, ಅದೂ ಆಡಲಿಲ್ಲ. ಹಾಸಿಗ್ಯಾಗ ಮಕ್ಕೊಂಡ ಹುಡಿಗ್ಯಾರ ನಗೂದು ಕೇಳಿದ್ನಿ.”

ನಾಗರ ಪಂಚಮಿ ನಿಜ ಶ್ರಾವಣದಲ್ಲಿ ಮಾತ್ರ ಬರುತ್ತದೆ. ಆ ವರ್ಷ ಅದು ಬಂದದ್ದು ಸೋಮವಾರವೇ. ಇಬ್ಬರೂ ಬೇರೆ ಬೇರೆ ಬಾಗಿಲಿಂದ ಬಂದು ಒಂದೇ ದಿನದಲ್ಲಿ ನಿಂತಿದ್ದರು. ಲೆಕ್ಕ ಹಾಕಿದೆ. ಇಪ್ಪತ್ಮೂರು ವಾರ.

ಇಳಕಲ್ಲಿಗೆ ಫೋನ್ ಮಾಡಿದೆ. ಹೆರಿಗೆ ವೈದ್ಯೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದ ಪ್ರಶ್ನೆ ನನ್ನ ಉತ್ಸಾಹದ ಮೇಲೆ ತಣ್ಣೀರು ಹಾಕಿತು.

“ಹಬ್ಬದ ನೆನಪಿನ ಮ್ಯಾಲ ನಾಕು ವಾರ ಹಿಂದಕ್ಕ ಸರಸ್ತೀರೇನು? ನೀರಿನ ಕ್ವಾಣಿ ಹನ್ನೊಂದೈತಿ. ಅದು ಪಂಚಾಂಗದಿಂದ ಅಗಲ ಆಗಿಲ್ಲ.”

“ಇಲ್ಲ. ಅದು ಖರೇನ ಅಗಲ ಐತಿ.”

“ಮತ್ತ? ಒಂದ ವೇಳೆ ಹಿಂದ ಬಿದ್ದಿದ್ದು ಕೂಸ ಇದ್ರ?”

“ಹಂಗಿದ್ರ ನಾಕು ವಾರಕ್ಕ ನೆರಿಗಿ ಮೂಡಂಗಿಲ್ಲ. ತಾರೀಖ ತಪ್ಪಿದ್ರ ಮೂಡತಾವು. ಕಾಯೂದ ಬಿಟ್ಟು ಬ್ಯಾರೆ ದಾರಿ ಕಾಣವಲ್ದು.”

“ನಾಕು ವಾರ ಕಾಯ್ದ್ರ ಮಂಡಳಿ ದಾರಿ ಇನ್ನೂ ಬಿಗಿ ಆಗತೈತಿ. ತಾರೀಖ ತಪ್ಪೇತಿ ಅಂದ್ರ ಈಗಿನ್ನೂ ಇಪ್ಪತ್ನಾಲ್ಕರ ಒಳಗ ಅದಾಳ, ಮಂಡಳಿನ ಬ್ಯಾಡ. ಆ ವಾರನೂ ನೀವ ಕಳೀತೀರಿ. ಆಮ್ಯಾಲ ನೆರಿಗಿ ಮೂಡಲಿಲ್ಲ ಅಂದ್ರ ಆಕಿಗಿ ಏನ ಹೇಳ್ತೀರಿ?”

ಅವರು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ನಾನು ಕಾಯೋಣ ಎನ್ನುವುದು ಸುಲಭ. ಕಾಯುವ ಹೊಟ್ಟೆ ನನ್ನದಲ್ಲ.

ಮೂವರನ್ನೂ ಕೂರಿಸಿದೆ. ಪರದೆ ತಿರುಗಿಸಿ ತೋರಿಸಿದೆ. ಮಿದುಳಿನ ಮೇಲೆ ನೆರಿಗೆ ಬೀಳಬೇಕು, ಈಗ ಇಲ್ಲ. ಇಲ್ಲದಿರುವುದು ಕಾಯಿಲೆಯೂ ಇರಬಹುದು, ಇನ್ನೂ ಹೊತ್ತು ಬಂದಿಲ್ಲದೆಯೂ ಇರಬಹುದು. ನನ್ನ ಮನಸ್ಸು ಎರಡನೆಯದರ ಕಡೆ ವಾಲುತ್ತದೆ, ಆದರೆ ಖಾತ್ರಿ ಇಲ್ಲ. ಈ ವಾರ ತೆಗೆಸಬೇಕೆಂದರೆ ದಾರಿ ಹೀಗೆ, ಕಾದ ಮೇಲೆ ತೆಗೆಸಬೇಕೆಂದರೆ ದಾರಿ ಎಷ್ಟು ಕಠಿಣ, ಎರಡನ್ನೂ ಹೇಳಿದೆ. ನೀರಿನ ಕೋಣೆ ಅಗಲವಿರುವುದನ್ನೂ ಮುಚ್ಚಲಿಲ್ಲ.

ಅತ್ತೆ ಪರದೆಯ ಹತ್ತಿರ ಮುಖ ತಂದಳು. “ಹಸಿ ಸೀರಿ ನೀಟ ಹಾಸಿದಂಗ ಐತಿ. ಇದಕ್ಕ ನಿರಿಗಿ ಯಾರ ಹಿಡೀತಾರ್ರಿ?”

“ಅದs ಹಿಡ್ಕೋಬೇಕು ಆಯಿ.”

ಗಂಡ ಕುರ್ಚಿ ಮುಂದೆ ಸರಿಸಿದ. “ಬಾಯಾರ, ನಿಮ್ಮ ಮಗಳಾಗಿದ್ರ ಏನ್ ಮಾಡ್ತಿದ್ರಿ?” ಈ ಪ್ರಶ್ನೆಗೆ ಉತ್ತರ ಕೊಡಬಾರದೆಂದು ನಮಗೆ ಕಲಿಸುತ್ತಾರೆ. ನಾನು ಬಸುರಿಯ ಕಡೆ ತಿರುಗಿದೆ. ಇಷ್ಟು ಹೊತ್ತು ಎಲ್ಲರೂ ಅವಳ ಹೊಟ್ಟೆಯ ಬಗ್ಗೆ ಮಾತಾಡಿದ್ದೆವು, ಅವಳನ್ನು ಯಾರೂ ಕೇಳಿರಲಿಲ್ಲ.

“ಹಿಂದಿನ ಎರಡೂ ಸಲ ನನ್ನ ಕೇಳದ ಹೋದ್ವು,” ಅಂದಳು. “ಈ ಸಲ ಕೇಳಾಕತ್ತೀರಿ. ನಾ ಕಾಯ್ತೇನಿ. ಕಾಯ್ದ ಮ್ಯಾಲ ಇಲ್ಲಂದ್ರ ಆವಾಗೂ ನನ್ನs ಕೇಳ್ರಿ.”

ವರದಿಯಲ್ಲಿ ಕಂಡದ್ದನ್ನೆಲ್ಲ ಬರೆದೆ, ಕಾಯಿಲೆಯ ಹೆಸರು ಬರೆಯಲಿಲ್ಲ. ಗರ್ಭದ ವಯಸ್ಸು ಅನುಮಾನಾಸ್ಪದ, ನಾಲ್ಕು ವಾರದ ನಂತರ ಮತ್ತೆ ಪರೀಕ್ಷೆ ಎಂದು ಸಹಿ ಹಾಕಿದೆ.

ಹೊಲಗಳಲ್ಲಿ ಸೀತನಿಯ ಕಾಲ. ಪರಿಚಯದವರು ಸುಟ್ಟ ಎಳೆ ಜೋಳದ ಕಾಳು ಕಟ್ಟಿ ತಂದು ಕೊಡುತ್ತಿದ್ದರು, ಬಾಯಿಗೆ ಹಾಕಿಕೊಂಡರೆ ರುಚಿ ಹತ್ತುತ್ತಿರಲಿಲ್ಲ. ಬಾದಾಮಿಗೆ ಒಂದು ಮದುವೆಗೆ ಹೋಗಿ ಬರುವಾಗ ಕುಳಗೇರಿ ಕ್ರಾಸ್ ದಾಟುವವರೆಗೂ ಕಾರಿನಲ್ಲಿ ಆ ಬೋಗುಣಿಯಂಥ ಕಣಿವೆಯನ್ನೇ ನೋಡುತ್ತಿದ್ದೆ. ಎರಡು ವಾರಕ್ಕೆ ಇಳಕಲ್ಲಿನಿಂದ ಸುದ್ದಿ ಬಂತು: ತಲೆ ಎರಡು ವಾರಕ್ಕೆ ಎಷ್ಟು ಬೆಳೆಯಬೇಕೋ ಅಷ್ಟೇ ಬೆಳೆದಿದೆ. “ಇನ್ನ ಹಿಗ್ಗಬ್ಯಾಡ್ರಿ,” ಅಂದರು ವೈದ್ಯೆ. ಅವರ ದನಿ ಮಾತ್ರ ಮೊದಲಿಗಿಂತ ಮೆತ್ತಗಿತ್ತು. ನಾನು ಹಿಗ್ಗಲಿಲ್ಲ. ನೆರಿಗೆಯಿಲ್ಲದ ತಲೆಯೂ ಕೆಲವು ದಿನ ಬೆಳೆಯುತ್ತದೆ.

ಶಿವರಾತ್ರಿಯ ಮುಂಚೆ ಮತ್ತೆ ಬಂದರು. ಈ ಸಲ ಬಸುರಿ ತಾನೇ ಕರಡಿಗೆ ಬಿಚ್ಚಿ ಅತ್ತೆಯ ಕೈಗಿತ್ತು, ಅರಿವೆಯ ಗಂಟನ್ನು ರಟ್ಟೆಗೆ ಕಟ್ಟಿಸಿಕೊಂಡು, ಹೇಳುವ ಮೊದಲೇ ಎಡಮಗ್ಗುಲಾದಳು. ನಾನು ಒಳಗೆ ನಿಲ್ಲಲಿಲ್ಲ. ಚಿತ್ರ ಬಂದಂತೆ ನೋಡಬೇಕಿತ್ತು. ಮೊದಲ ಸಾಲು ಮಸುಕು. ಕೂಸು ಗಿರಕಿ ಹೊಡೆಯಿತು. ಎರಡನೆಯ ಸಾಲಿನಲ್ಲಿ ತಲೆ ಓರೆಯಾಗಿ ಸಿಕ್ಕಿತು, ಏನೂ ಹೇಳುವಂತಿರಲಿಲ್ಲ. ತಂತ್ರಜ್ಞ ಗೆರೆ ತಿರುಗಿಸಿ ಮತ್ತೆ ಎಳೆದ. ಮೂರನೆಯದು ನಿಧಾನವಾಗಿ ಪರದೆ ತುಂಬಿತು.

“ಮೇಡಂ,” ಅಂದ ಅವನು, ಪರದೆಯ ಮೇಲೆ ಬೆರಳಿಟ್ಟು.

ನಡುಪಟ್ಟಿಯಲ್ಲಿ ಒಂದು ಸಣ್ಣ ಕಚ್ಚು. ಉಗುರಿನಿಂದ ಬೆಣ್ಣೆಯ ಮೇಲೆ ಗೀರಿದಷ್ಟು. ಎಡಕ್ಕಿತ್ತು, ಮುಂದಿನ ಹೋಳಿನಲ್ಲಿ ಬಲಕ್ಕೂ ಬಂತು. ಪಕ್ಕದ ಕಣಿವೆಯ ಬಾಯಿ ಮೂಲೆ ಮಡಚಿಕೊಂಡಿತ್ತು. ಹಿಂದಲೆಯ ಎರಡು ಸೀಳು ಆಳವಾಗಿದ್ದವು. ಇಪ್ಪತ್ತೇಳು ವಾರಕ್ಕೆ ಇರಬೇಕಾದ್ದು ಇತ್ತು, ಸರದಿ ತಪ್ಪದೆ. ಒಮ್ಮೆ ನೋಡಿ ನಂಬಲಿಲ್ಲ. ಮೂರೂ ಬಗೆಯಲ್ಲಿ ಹುಡುಕಿ, ಒಂದೊಂದು ನೆರಿಗೆಗೂ ಗುರುತು ಹಾಕಿದೆ. ನೀರಿನ ಕೋಣೆ ಅಳೆದೆ. ಹನ್ನೊಂದೇ. ಕಡಿಮೆಯಾಗಿರಲಿಲ್ಲ, ಹೆಚ್ಚಿಯೂ ಇರಲಿಲ್ಲ.

ಹೊರಗೆ ಬಂದು ಹಾಗೆಯೇ ಹೇಳಿದೆ. ನೆರಿಗೆ ಮೂಡಿವೆ, ಆ ದೊಡ್ಡ ಕಾಯಿಲೆ ಇಲ್ಲ. ತಿಂಗಳ ಲೆಕ್ಕ ತಪ್ಪಿತ್ತು, ಕೂಸಿನದಲ್ಲ. ನೀರಿನ ಕೋಣೆ ಇನ್ನೂ ಸ್ವಲ್ಪ ಅಗಲ ಇದೆ. ಬೇರೆ ದೋಷವಿಲ್ಲದೆ ಇಷ್ಟೇ ಅಗಲ ಇರುವ ಕೂಸುಗಳು ಹೆಚ್ಚಾಗಿ ಚೆನ್ನಾಗೇ ಬೆಳೆಯುತ್ತವೆ, ಆದರೆ ಎಲ್ಲವೂ ಅಂತ ನಾನು ಬರೆದುಕೊಡಲಾರೆ. ಹುಟ್ಟಿದ ಮೇಲೂ ನೋಡಬೇಕು.

ಅತ್ತೆ ಅಳಲಿಲ್ಲ, ನಗಲಿಲ್ಲ. ಬೆರಳು ಮಡಚುತ್ತಿದ್ದಳು. ಒಂದು ಸಲ ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

“ಹಂಗಾರ ಬಾಯಾರ, ಈಗಿಕಿಗೆ ಎಂಟಲ್ಲ. ಏಳು ನಡದೈತಿ.”

“ಹೌದು ಆಯಿ, ಏಳು.”

“ಏಳನೇದು ಮುಗದ ಹೋತು, ಕುಬಸ ಮಾಡಲಿಲ್ಲ ಅಂತ ನಾ ಒಳಗೊಳಗ ಸುಟ್ಕೊಂಡಿದ್ನಿ. ಯಾವ ಬಾಯಿಂದ ಮಾಡ್ಲಿ? ಹಸರ ಬಳಿ ಇಡಸಿ, ನಾಕು ಮಂದೀನ ಕರದು ಆರತಿ ಎತ್ತಿಸಿ, ನಾಳೆ ನೀವು ಇಲ್ಲಂದ್ರ?” ಮಡಚಿದ ಬೆರಳುಗಳನ್ನು ನನ್ನ ಮುಂದೆ ಹಿಡಿದಳು. “ಏಳನೇದು ಇನ್ನೂ ಐತಿ ಅಂದ್ರ... ಮಾಡಬೌದೇನ್ರಿ?”

ಇದು ಎಂ.ಆರ್.ಐ.ಗೆ ಕೇಳುವ ಪ್ರಶ್ನೆಯಲ್ಲ. ಹನ್ನೊಂದು ಮಿಲಿಮೀಟರಿನ ಮೇಲೆ ಕುಬಸಕ್ಕೆ, ಅಂದರೆ ನಮ್ಮ ಕಡೆಯ ಸೀಮಂತಕ್ಕೆ, ಬಸುರಿಯನ್ನು ಕೂರಿಸಬಹುದೇ ಎಂದು ಯಾವ ಪುಸ್ತಕವೂ ಹೇಳುವುದಿಲ್ಲ. ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಸೊಸೆ ಬಟ್ಟೆ ಬದಲಿಸಿ ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಬಾಯಾರನ್ಯಾಕ ಕೇಳ್ತೀರಿ ಅತ್ತಿ,” ಅಂದಳು. “ಕುಂದ್ರಾಕಿ ನಾ. ಹಸರ ಸೀರಿ ತಗೀರಿ.”